ಟವಲಿನ ಕೆಳಗೆ ಒಪ್ಪಿಕೊಂಡ ದರ

ನನ್ನ ಅಂಗಡಿಯ ಹೊಸ್ತಿಲು ತುಳಿದ ಕೂಡಲೇ ಎಂಥ ಸಾಹುಕಾರನೂ ಬಡವನಾಗುತ್ತಿದ್ದ. ಓಣಿಯ ತುದಿಯವರೆಗೆ ಮೀಸೆ ತಿರುವಿಕೊಂಡು ಬಂದವನು ಮೆಟ್ಟಿಲ ಹತ್ತಿರ ಬರುತ್ತಲೇ ಸಣ್ಣಗೆ ಕೆಮ್ಮಿ, "ಈ ವರ್ಷ ಹತ್ತಿ ಕೈ ಕೊಡ್ತ್ರಿ" ಎನ್ನುತ್ತಿದ್ದ. ಅದೇ ಹತ್ತಿ ಮಾರಿ ಕೊಂಡ ಹೊಸ ಗಡಿಯಾರ ಅವನ ಮುಂಗೈಯಲ್ಲಿ ಮಿಂಚುತ್ತಿರುತ್ತಿತ್ತು. ನಾನು ಗಡಿಯಾರದ ಕಡೆ ನೋಡಿದರೆ ಅವನು ತೋಳು ಕೆಳಗೆಳೆದುಕೊಳ್ಳುತ್ತಿದ್ದ.

ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದಲ್ಲಿ ನನ್ನದು ಒಂದೇ ಖೋಲಿಯ ಅಂಗಡಿ. ಕಬಡ್ಡಿ, ವಾಲಿಬಾಲ್ ತಂಡದವರು ಬಿಳಿ ಅಂಗಿ ತಂದು ಕೊಡಬೇಕು; ಎದೆಯ ಮೇಲೆ ಊರಿನ ಹೆಸರು, ಬೆನ್ನಿಗೆ ನಂಬರು ಅಚ್ಚು ಹಾಕುವುದು ನನ್ನ ಕೆಲಸ. ಒಂದು ಅಂಗಿಗೆ ಒಂದೂವರೆ ರೂಪಾಯಿ. ಸುಗ್ಗಿ ಮುಗಿದು ಊರೂರಿಗೆ ಪಂದ್ಯಗಳು ಶುರುವಾದವೆಂದರೆ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದಲೂ ಜನ ಗಂಟು ಹೊತ್ತು ಬಸ್ಸಿನಲ್ಲಿ ಬರುತ್ತಿದ್ದರು. ಒಂದೂವರೆ ಎಂದ ಕೂಡಲೇ ಹಾವು ತುಳಿದವರಂತೆ ಹಿಂದಕ್ಕೆ ಜಿಗಿಯುತ್ತಿದ್ದರು. "ಸವದತ್ತಿಯವ್ರಿಗೆ ಒಂದ ರೂಪಾಯಿಗೆ ಹಾಕಿ ಕೊಟ್ಟೀರಂತಲ್ಲ" ಎಂದು ಕಿತ್ತೂರಿನವರು. "ಕಿತ್ತೂರಾವ್ರಿಗೆ ಹನ್ನೆರಡಾಣೆ ಅಂತಲ್ರಿ" ಎಂದು ಸವದತ್ತಿಯವರು. ಎರಡೂ ಸುಳ್ಳು. ಪೈಸೆಯ ಲೆಕ್ಕ ಬಂದು ಎಷ್ಟೋ ವರ್ಷವಾಗಿದ್ದರೂ ನಮ್ಮಲ್ಲಿ ಚೌಕಾಶಿ ಇನ್ನೂ ಆಣೆಯಲ್ಲೇ ನಡೆಯುತ್ತಿತ್ತು. ರೂಪಾಯಿಗೆ ಹದಿನಾರಾಣೆ; ನನ್ನ ಒಂದೂವರೆ ರೂಪಾಯಿ ಅಂದರೆ ಇಪ್ಪತ್ತನಾಲ್ಕಾಣೆ.

ಆ ಇಪ್ಪತ್ತನಾಲ್ಕರಲ್ಲಿ ಒಬ್ಬರಿಗೂ ಒಂದಾಣೆ ಬಿಡುತ್ತಿರಲಿಲ್ಲ. ನನ್ನ ಹೆಂಡತಿಯ ತಮ್ಮನ ತಂಡಕ್ಕೂ ಬಿಟ್ಟಿರಲಿಲ್ಲ, ಅವನು ಆರು ತಿಂಗಳು ನಮ್ಮ ಮನೆ ಕಡೆ ಹಾಯಲಿಲ್ಲ. ಒಬ್ಬನಿಗೆ ಬಿಟ್ಟ ದರ ಸಂಜೆಯ ಬಸ್ಸು ಹತ್ತಿ ಎಲ್ಲ ಊರು ಮುಟ್ಟುತ್ತದೆ ಎಂದು ನನಗೆ ಗೊತ್ತಿತ್ತು. ಬಣ್ಣ, ಸೀಮೆಎಣ್ಣೆ, ಇದ್ದಿಲು ಎಲ್ಲ ಸೇರಿ ಅಂಗಿಯೊಂದಕ್ಕೆ ಒಂದು ರೂಪಾಯಿಯ ಹತ್ತಿರ ನನಗೇ ಬೀಳುತ್ತಿತ್ತು. ದರ ಒಡೆದರೆ ಅಂಗಡಿಗೆ ಬೀಗ, ಬೀಗ ಬಿದ್ದರೆ ಮತ್ತೆ ಹಳೆಯ ಕೆಲಸ, ಗೋಡೆಗೆ ಸುಣ್ಣ ಬಳಿಯುವುದು. ನಮ್ಮದು ಬೌದ್ಧರ ಮನೆ. ಅಪ್ಪನ ಕಾಲಕ್ಕೇ ದೀಕ್ಷೆ ಆಗಿತ್ತು. ಊರವರ ಬಾಯಲ್ಲಿ ಮಾತ್ರ ಹಳೆಯ ಜಾತಿಯ ಹೆಸರೇ ಉಳಿದಿತ್ತು. ಸುಣ್ಣದ ಕೆಲಸದಲ್ಲಿ ನನಗೆ ಸಿಗುತ್ತಿದ್ದದ್ದು ದೊಡ್ಡ ಮನೆಗಳ ಹೊರಗೋಡೆ, ಒಳಗೋಡೆಗೆ ಬೇರೆಯವರನ್ನು ಕರೆಯುತ್ತಿದ್ದರು. ಅಂಗಡಿಯಲ್ಲಾದರೆ ಅವರೇ ನನ್ನ ಹತ್ತಿರ ಬರಬೇಕು. ನಾನು ದರವನ್ನು ಹಲ್ಲು ಕಚ್ಚಿ ಹಿಡಿದದ್ದು ಅದಕ್ಕೆ.

ಒಂದು ಮುಂಜಾನೆ ನೇಸರಗಿ ಕಡೆಯ ಗೌಡರೊಬ್ಬರು ಫಟಫಟಿಯ ಮೇಲೆ ಬಂದರು. ಹಿಂದೆ ಕೂತ ಆಳಿನ ತೊಡೆಯ ಮೇಲೆ ನಲವತ್ತು ಅಂಗಿಗಳ ಗಂಟು. ಎತ್ತು, ಹತ್ತಿ ಎರಡರಲ್ಲೂ ವ್ಯವಹಾರ ಇದ್ದ ಮನುಷ್ಯ. ಎಂಟು ದಿನ ಕಳೆದರೆ ಸವದತ್ತಿಯಲ್ಲಿ ಕಬಡ್ಡಿ ಪಂದ್ಯ. ಅವರ ಊರಿನ ಎರಡು ತಂಡಕ್ಕೂ, ಜೊತೆಗೆ ಹೋಗುವ ಮಂದಿಗೂ ಗೌಡರ ಖರ್ಚಿನಲ್ಲಿ ಅಂಗಿ. ಅದೇ ಹೊತ್ತಿಗೆ ಅಂಗಡಿಯಲ್ಲಿ ಇನ್ನೊಬ್ಬ ಗಿರಾಕಿ ಇದ್ದ. ರಾಮದುರ್ಗ ತಾಲೂಕು ಸಾಲಹಳ್ಳಿಯ ನೇಕಾರ, ಅಲ್ಲಿನ ತಂಡದ ಕ್ಯಾಪ್ಟನ್. ಹನ್ನೆರಡು ಅಂಗಿ ತಂದು ಅರ್ಧ ತಾಸಿನಿಂದ ಒಂದೊಂದೇ ಆಣೆ ಜಗ್ಗುತ್ತ ಮೆಟ್ಟಿಲ ಮೇಲೆ ಕೂತಿದ್ದ. ಗೌಡರನ್ನು ಕಂಡು ಬದಿಗೆ ಸರಿದ, ಎದ್ದು ಮಾತ್ರ ಹೋಗಲಿಲ್ಲ.

"ಏನ್ರಿ ಪೇಂಟರ್ರ, ಆರಾಮ ಅದೀರಿ?" ಎಂದರು ಗೌಡರು.

ನನಗೆ ಅನುಮಾನ ಬಂದದ್ದೇ ಅಲ್ಲಿ. ಮೂರು ವರ್ಷದ ಹಿಂದೆ ಇವರ ಹೊರಗೋಡೆಗೆ ನಾನೇ ಸುಣ್ಣ ಬಳಿದಿದ್ದೆ. ಆಗ ಇದೇ ಬಾಯಿ ನನ್ನನ್ನು "ಏಯ್" ಎಂದು ಕರೆದಿತ್ತು. ಅತಿ ವಿನಯ ಧೂರ್ತ ಲಕ್ಷಣ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಾನು ನಮಸ್ಕಾರ ಹೇಳಿ ಅಂಗಿಯ ಬಟ್ಟೆ ಮುಟ್ಟಿ ನೋಡತೊಡಗಿದೆ.

"ದರ ಎಷ್ಟ?"

"ಒಂದೂವರಿ ರೂಪಾಯಿರಿ. ಎಲ್ಲಾರಿಗೂ ಒಂದ ದರ."

"ಎಲ್ಲಾರಿಗೂ ಅನ್ನೂದು ಬೋರ್ಡಿನ ಮಾತ. ಬಾಯಿಲೆ ಆಡಿದ್ರ ಕುಂತಾವ್ರ ಕಿವ್ಯಾಗ ಬೀಳತೈತಿ" ಎಂದು ಗೌಡರು ನೇಕಾರನ ಕಡೆ ಕಣ್ಣು ಹಾಯಿಸಿದರು. "ಬರ್ರಿ, ಟವಲ್ ಕೆಳಗ ಮುಗಸೂಣು."

ಅಷ್ಟು ಹೇಳಿ ಹೆಗಲ ಮೇಲಿನ ಟವಲನ್ನು ನನ್ನ ಮೇಜಿನ ಮೇಲೆ ಹರಡಿ ಅದರ ಕೆಳಗೆ ಬಲಗೈ ಇಟ್ಟರು.

ದನದ ಪೇಟೆ ಕಂಡವರಿಗೆ ಇದು ಹೊಸದಲ್ಲ. ಕೊಳ್ಳುವವನು, ಮಾರುವವನು ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಅವರ ಮುಖ ಕಾಣುತ್ತದೆ, ದರ ಕಾಣುವುದಿಲ್ಲ. ಹತ್ತಿ ವ್ಯಾಪಾರದಲ್ಲೂ ಹಾಗೇ. ಆದರೆ ನಮ್ಮಪ್ಪ ಜೀವಮಾನವಿಡೀ ಎಷ್ಟು ದನ ಮಾರಿದರೂ ಅವನ ಕೈಯನ್ನು ಯಾರೂ ಟವಲಿನ ಕೆಳಗೆ ಹಿಡಿಯಲಿಲ್ಲ. ಅವನಿಗೆ ನಾಲ್ಕು ಮಾರು ದೂರ ನಿಂತು ಕೂಗಿ ದರ ಹೇಳುತ್ತಿದ್ದರು. "ಎಲ್ಲಾರ ದರ ಗುಟ್ಟ, ನಮ್ಮದು ಡಂಗುರ" ಎಂದು ಅಪ್ಪ ನಗುತ್ತಿದ್ದ. ಆ ನಗು ನನಗೆ ಸೇರುತ್ತಿರಲಿಲ್ಲ.

ಹಾಗಾಗಿ ಗೌಡರ ಕೈ ನನಗಾಗಿ ಕಾಯುತ್ತಿರುವುದನ್ನು ಕಂಡು ದಿಕ್ಕು ತೋಚದಂತಾಯಿತು. ನೇಕಾರ ಕತ್ತು ಉದ್ದ ಮಾಡಿ ನೋಡುತ್ತಿದ್ದ. ನಾನು ಕೈ ಒರೆಸಿಕೊಂಡು ಟವಲಿನೊಳಗೆ ಹಾಕಿದೆ. ದಪ್ಪನೆಯ, ಬೆಚ್ಚಗಿನ ಕೈ. ಅವರು ನನ್ನ ಐದೂ ಬೆರಳು ಹಿಡಿದು ಒತ್ತಿದರು. ಬಿಟ್ಟು ಇನ್ನೊಮ್ಮೆ ಐದೂ ಬೆರಳು ಒತ್ತಿದರು. ಆಮೇಲೆ ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು.

"ಇಷ್ಟ. ಆತಲ್ಲ?"

ನನಗೆ ಆ ಬೆರಳಿನ ಲೆಕ್ಕ ಬರುತ್ತಿರಲಿಲ್ಲ. ಬರುವುದಿಲ್ಲ ಎಂದರೆ ಯಾಕೆ ಬರುವುದಿಲ್ಲ ಎಂದೂ ಹೇಳಬೇಕಾಗುತ್ತಿತ್ತು. ಈ ಭಾಗದಲ್ಲಿ ಎತ್ತು ಕಟ್ಟಿದ ಮನೆಯ ಗಂಡಸಿಗೆ ಬೆರಳು ಓದಲು ಬಾರದು ಎಂದರೆ, ಅವನ ಮನೆಯವರ ಕೈಯನ್ನು ಯಾರೂ ಹಿಡಿದಿಲ್ಲ ಎಂದೇ ಅರ್ಥ. ಅದನ್ನು ಆ ನೇಕಾರನ ಎದುರು ಬಾಯಿಬಿಟ್ಟು ಹೇಳುವುದಕ್ಕಿಂತ ನಾಲಿಗೆ ಕಚ್ಚಿಕೊಳ್ಳುವುದು ಲೇಸು ಅನ್ನಿಸಿತು.

"ಆತ್ರಿ" ಎಂದುಬಿಟ್ಟೆ.

ಫಟಫಟಿಯ ಸದ್ದು ದೂರವಾದ ಮೇಲೆ ನೇಕಾರ ಒಳಗೆ ಬಂದು ಕೇಳಿದ. "ಗೌಡರಿಗೆ ಎಷ್ಟಕ್ಕ ಬಿಟ್ರಿ?"

"ಬಿಟ್ಟಿಲ್ಲ."

"ಬಿಡದಿದ್ರ ಟವಲ್ ಯಾಕ ಹಾಸಿದ್ರಿ? ನನಗೂ ಅದ ದರ ಹಚ್ಚರಿ. ಅದಕ್ಕಿಂತ ಒಂದ ಆಣೆ ಕಡಿಮಿ ಕೇಳಿದ್ರ ನನ್ನ ಹೆಸರ ಬದಲಿ ಮಾಡ್ರಿ."

ಅದೇ ದರ ಹಚ್ಚು ಎನ್ನುತ್ತಾನೆ, ಆ ದರ ಎಷ್ಟೆಂದು ನನಗೇ ಗೊತ್ತಿಲ್ಲ! ಅಂಗಿ ಇಟ್ಟು ಹೋಗು, ಒಯ್ಯುವಾಗ ನೋಡೋಣ ಎಂದು ಸಾಗಹಾಕಿದೆ. ಪರದೆಯ ಆಚೆಯಿಂದ ನನ್ನ ಹೆಂಡತಿ ಬಂದಳು. ಅಚ್ಚಾದ ಅಂಗಿಗೆ ಇಸ್ತ್ರಿ ಹೊಡೆದು ಬಣ್ಣ ಗಟ್ಟಿ ಮಾಡುವುದು ಅವಳ ಪಾಲಿನ ಕೆಲಸ. "ಎಷ್ಟಕ್ಕ ಮುಗೀತ್ರಿ?" ಎಂದಳು. ನಮ್ಮ ದರಕ್ಕೇ ಎಂದೆ. ಅವಳು ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ನಂಬಿಲ್ಲ ಎಂದೇ ತಿಳಿಯಬೇಕು.

ಕೆಲಸ ಶುರುವಾಯಿತು. ಹೊಸ ಬಟ್ಟೆಯ ಗಂಜಿ ಹೋಗದೆ ಬಣ್ಣ ನೂಲಿಗೆ ಇಳಿಯುವುದಿಲ್ಲ. ಮೊದಲ ದಿನ ನಲವತ್ತನ್ನೂ ಬಿಸಿನೀರಿನಲ್ಲಿ ಒಗೆದು ಒಣಹಾಕಿದೆವು. ಎರಡನೆಯ ದಿನ ಚೌಕಟ್ಟು. ಸಾಗವಾನಿ ಪಟ್ಟಿಯ ಚೌಕಟ್ಟಿಗೆ ತೆಳುವಾದ ಆರ್ಗಂಡಿ ಬಟ್ಟೆಯನ್ನು ಒದ್ದೆಯಿರುವಾಗಲೇ ಎಳೆದು ಮೊಳೆ ಹೊಡೆಯಬೇಕು, ಒಣಗಿದ ಮೇಲೆ ಬೆರಳಿಂದ ಬಾರಿಸಿದರೆ ಹಲಗೆ ವಾದ್ಯದಂತೆ ಸದ್ದು ಬರಬೇಕು. ಅದರ ಮೇಲೆ ಸರಸು ಎಂಬ ಅಂಟಿಗೆ ಕಿತ್ತಳೆ ಬಣ್ಣದ ಔಷಧದ ಪುಡಿ ಬೆರೆಸಿ ಕತ್ತಲೆಯಲ್ಲಿ ಸವರುವುದು. ಕಪ್ಪು ಶಾಯಿಯಲ್ಲಿ ಅಕ್ಷರ ಬರೆದ ಟ್ರೇಸಿಂಗ್ ಕಾಗದ ಅಂಟಿಸಿ ಬಿಸಿಲಿಗೆ ಹಿಡಿದರೆ, ಬಿಸಿಲು ತಾಗಿದ ಕಡೆ ಸರಸು ಕಲ್ಲಾಗುತ್ತದೆ. ಅಕ್ಷರದ ನೆರಳು ಬಿದ್ದ ಕಡೆ ನೀರು ಹಾಕಿದರೆ ಕರಗಿ ಹೋಗುತ್ತದೆ. ಆ ಕಿಂಡಿಯೊಳಗಿಂದಲೇ ಬಣ್ಣ ಅಂಗಿಗೆ ಇಳಿಯಬೇಕು.

ಚೌಕಟ್ಟು ಒಣಗುವ ಹೊತ್ತಿಗೆ ಗೌಡರ ಆಳು ಬಂದ. ಊರಿನ ಹೆಸರು ಕೆಂಪಾಗಿರಲಿ, ಸುತ್ತ ಕಪ್ಪು ಗೆರೆ ಬರಲಿ ಎಂದು ಗೌಡರು ಹೇಳಿ ಕಳಿಸಿದ್ದರು. ಎರಡು ಬಣ್ಣ ಅಂದರೆ ಎರಡು ಚೌಕಟ್ಟು, ಎರಡು ಸಲ ಅಚ್ಚು. ಅಂಗಿಗೆ ಎಂಟಾಣೆ ಹೆಚ್ಚಿಗೆ ಬೀಳುತ್ತದೆ ಎಂದೆ.

"ದರ ಮುಗದು ಹೋಗೇತಂತ, ಅದರಾಗ ಬರತೈತಂತ" ಎಂದ ಆಳು.

ಮರುದಿನ ಮತ್ತೆ ಬಂದ. ಹೆಸರಿನ ಕೆಳಗೆ 'ಗೌಡರ ಕೊಡುಗೆ' ಎಂದು ಸಣ್ಣದಾಗಿ ಬರಬೇಕು. ಅದೂ ಮುಗಿದ ದರದಲ್ಲೇ. ಮುಗಿದ ದರ, ಮುಗಿದ ದರ! ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ. ಇವರು ಬೇಕೆಂದೇ ನನ್ನ ಕೈ ಹಿಡಿದದ್ದು ಎಂದು ನನಗೆ ಖಾತ್ರಿಯಾಗುತ್ತ ಬಂತು. ಯಾವತ್ತೂ ಮುಟ್ಟದ ಕೈಯನ್ನು ಮುಟ್ಟಿದರೆ ಇವನು ಕರಗಿ ನೀರಾಗುತ್ತಾನೆ, ಆಮೇಲೆ ಏನು ಹೇಳಿದರೂ ಹೂಂ ಎನ್ನುತ್ತಾನೆ ಎಂದು ಎಣಿಕೆ ಹಾಕಿಯೇ ಬಂದಿದ್ದರು. ನಾನು ಕರಗಿಯೂ ಇದ್ದೆ. ಅದು ನೆನಪಾದಾಗಲೆಲ್ಲ ಗೌಡರಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟು ಬರುತ್ತಿತ್ತು.

ಆ ಸಿಟ್ಟಿನಲ್ಲಿ ಒಂದು ಹೊಲಸು ಕೆಲಸ ಮಾಡಿದೆ. ಅಚ್ಚಿನ ಬಣ್ಣಕ್ಕೆ ಮೂರು ಪದಾರ್ಥ: ಬಣ್ಣ, ಸೀಮೆಎಣ್ಣೆಯನ್ನು ಕಡೆದು ಮಾಡಿದ ಬಿಳಿ ಲೇಪ, ಮತ್ತೆ ಬೈಂಡರ್ ಎಂಬ ಹಾಲಿನಂಥ ಅಂಟು. ಬಣ್ಣ ನೂಲಿಗೆ ಕಚ್ಚಿ ನಿಲ್ಲುವುದು ಬೈಂಡರಿನಿಂದ. ತುಟ್ಟಿಯ ಮಾಲು, ಹುಬ್ಬಳ್ಳಿಯಿಂದ ತರಬೇಕು. ಗೌಡರ ದರ ಕಡಿಮೆಯದೇ ಇರಬೇಕು, ಕಡಿಮೆ ದರಕ್ಕೆ ಕಡಿಮೆ ಅಂಟು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು, ಒಂದು ಬೋಗುಣಿ ಕೆಂಪಿಗೆ ಅರ್ಧ ಬೈಂಡರ್ ಮಾತ್ರ ಹಾಕಿದೆ. ಅಂಗಿಯೊಳಗೆ ಹಲಗೆ ತೂರಿಸಿ, ಚೌಕಟ್ಟು ಇಟ್ಟು, ರಬ್ಬರಿನ ಪಟ್ಟಿಯಿಂದ ಬಣ್ಣ ಎಳೆದೆ. ನೋಡಲು ಏನೂ ಫರಕು ಕಾಣುತ್ತಿರಲಿಲ್ಲ. ಹತ್ತು ಅಂಗಿ ಹಾಗೇ ಮುಗಿಸಿ ಹಗ್ಗಕ್ಕೆ ಹಾಕಿದೆ.

ಅವು ಒಣಗಿದ ಮೇಲೆ ನನ್ನ ಹೆಂಡತಿ ಇದ್ದಿಲ ಇಸ್ತ್ರಿ ಹೊಡೆದಳು. ಹೊಡೆಯುತ್ತ ಮೂಗು ಅರಳಿಸಿದಳು. ಬೈಂಡರ್ ಕಾಯುವಾಗ ಒಂದು ವಾಸನೆ ಬರುತ್ತದೆ, ಅದು ಬಂದಿರಲಿಲ್ಲ. ಒಂದು ಅಂಗಿ ತೆಗೆದುಕೊಂಡು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಹೋದಳು. ಹೊರಳಿ ಬಂದಾಗ ಅವಳ ಎರಡೂ ಅಂಗೈ ಕೆಂಪಾಗಿದ್ದವು.

"ಇಷ್ಟ ದಿನ ಗಿರಾಕಿ ಕಳ್ಳರು ಅಂತಿದ್ರಿ. ಈಗ ಯಾರ ಕಳ್ಳರ್ರಿ?"

"ಅವರ ದರಕ್ಕ ಇಷ್ಟ ಸಾಕು."

"ನಮ್ಮ ದರಕ್ಕ ಮುಗಸೇನಿ ಅಂದಿದ್ರಿ!"

ಸಿಕ್ಕಿಬಿದ್ದೆ. ಕುರ್ಚಿಯ ಮೇಲೆ ಕೂತು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಯಾವ ದರಕ್ಕೆ ಒಪ್ಪಿದೆನೋ ನನಗೇ ಗೊತ್ತಿಲ್ಲ ಎಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಾಕೆ ಕೇಳಲಿಲ್ಲ ಎಂದಳು. ಅಪ್ಪನ ಮಾತು ಹೇಳಿದೆ. ನಗು ನಿಲ್ಲಿಸಿ ಕೈಯ ಕೆಂಪನ್ನು ಸೆರಗಿಗೆ ಒರೆಸಿಕೊಂಡಳು.

"ಮಾವ್ನೂ ಇಲ್ಲ, ಯಾರಿಗೆ ಅಂಜಿ ಮುಚ್ಚಿಡ್ತೀರಿ? ಬೆರಳ ಬಲ್ಲಾವ್ರನ್ನ ಕೇಳ್ಕೊಂಡ ಬರ್ರಿ. ಅಲ್ಲೀತನಾ ನಾನು ಇವನ್ನ ಒಗೀತೇನಿ."

ಹತ್ತೂ ಅಂಗಿಯನ್ನು ಅವಳು ಸೋಡಾ ಹಾಕಿ ತಿಕ್ಕಿದಳು. ಬಣ್ಣ ಹೋಯಿತು, ತಿಳಿ ಗುಲಾಬಿ ಗುರುತು ಉಳಿಯಿತು. ಆ ಗುರುತಿನ ಮೇಲೆ ಕೂದಲೆಳೆಯಷ್ಟೂ ಸರಿಯದಂತೆ ಮತ್ತೆ ಅಚ್ಚು ಇಳಿಸಬೇಕಾಯಿತು. ಎರಡು ದಿನದ ಕೆಲಸ ಅದಕ್ಕೇ ಹೋಯಿತು. ಈ ಸಲ ಬೈಂಡರ್ ಅಳತೆಗಿಂತ ಒಂದು ಚಮಚ ಹೆಚ್ಚೇ ಹಾಕಿದೆ.

ದನದ ಪೇಟೆ ಸೇರುವ ದಿನ ಹೋಗಿ ಮನೋಳಿ ಕಡೆಯ ಮುದುಕ ದಲಾಲಿ ಸಾಬರನ್ನು ಹುಡುಕಿದೆ. ಅಪ್ಪನನ್ನು ಬಲ್ಲವರು. ಬೇವಿನ ಗಿಡದ ಬುಡದಲ್ಲಿ ಚುಟ್ಟಾ ಸೇದುತ್ತ ಕೂತಿದ್ದರು. ಬೆರಳಿನ ಲೆಕ್ಕ ಕಲಿಸಿಕೊಡಿ ಎಂದ ಕೂಡಲೇ ನನ್ನ ಕೈ ಎಳೆದುಕೊಂಡು ತಮ್ಮ ಟವಲಿನ ಕೆಳಗೆ ಹಾಕಿಕೊಂಡರು. ಒಂದು ಮಾತಿಲ್ಲ, ಒಂದು ಗಳಿಗೆ ತಡವಿಲ್ಲ. ನಾನು ಗೌಡರು ಒತ್ತಿದ ಹಾಗೆ ಅವರ ಬೆರಳು ಒತ್ತಿದೆ: ಐದು, ಐದು, ನಾಲ್ಕು.

"ಬೇಟಾ, ಬಾಯಿಲೆ ಏನಂದ್ರು? ಆಣೆ ಅಂದ್ರೋ, ರೂಪಾಯಿ ಅಂದ್ರೋ?"

"ಇಷ್ಟ ಅಂದ್ರು."

"ಯಾ ಪ್ಯಾಟಿ ಲೆಕ್ಕ?"

"ಅಂದ್ರ?"

ದಲಾಲಿ ಹೊಗೆ ಬಿಟ್ಟು ಬಿಡಿಸಿ ಹೇಳಿದರು. ಅವರ ದನದ ಪೇಟೆಯಲ್ಲಿ ಐದೂ ಬೆರಳು ಒತ್ತಿದರೆ ಐದೇ. ಐದು, ಐದು, ನಾಲ್ಕು ಸೇರಿ ಹದಿನಾಲ್ಕು. ಹತ್ತಿಯವರು ಕೆಲವರು ಪೂರಾ ಕೈ ಒತ್ತಿದರೆ ಹತ್ತೆಂದು ಹಿಡಿಯುತ್ತಾರೆ. ಹತ್ತು, ಹತ್ತು, ನಾಲ್ಕು ಸೇರಿ ಇಪ್ಪತ್ತನಾಲ್ಕು. ನನ್ನ ಗೌಡರು ಎತ್ತೂ ಮಾರುತ್ತಾರೆ, ಹತ್ತಿಯೂ ಮಾರುತ್ತಾರೆ. ಒಂದು ಲೆಕ್ಕದಲ್ಲಿ ನನ್ನ ಪೂರಾ ದರ. ಇನ್ನೊಂದರಲ್ಲಿ ಹದಿನಾಲ್ಕಾಣೆ, ಬಣ್ಣದ ಖರ್ಚೂ ಹುಟ್ಟುವುದಿಲ್ಲ.

"ಯಾವದರ ಇರಲಿ, ಎರಡೂ ಅದ ಬೆರಳಾಗ ಕುಂತಾವ" ಎಂದರು ದಲಾಲಿ. "ಅವನಿಗೆ ಯಾವದು ಬೇಕೋ ಅದನ್ನ ಆ ದಿನಾ ತಗದ ತೋರಸ್ತಾನ. ಹಂಗ ಮಾಡಾಕಂತನ ಬಾಯಿ ಮುಚ್ಚಿಕೊಂಡಿದ್ದಾನ, ತಿಳ್ಕೊ."

ಪೂರಾ ದರ ಕೊಡುವವರು ಅದನ್ನೇಕೆ ಮುಚ್ಚಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಕಡಿಮೆಗೆ ಹೊಡೆದೆ ಎಂದು ಊರಲ್ಲಿ ಮೀಸೆ ತಿರುವುವುದಕ್ಕೂ ಇರಬಹುದು. ನನ್ನನ್ನು ಮುಳುಗಿಸುವುದಕ್ಕೂ ಇರಬಹುದು. ಬಾಯಲ್ಲಿ ಕೇಳಿದರೆ ಬಾಯಿ ಏನು ಬೇಕಾದರೂ ಹೇಳುತ್ತದೆ. ನಮ್ಮ ಓಣಿಯ ಮೂಲೆಯಲ್ಲಿ ತಿರುಗುವಾಗ ನನಗೆ ಹೊಳೆಯಿತು: ಹಿಡಿದ ಕೈಯನ್ನು ಮತ್ತೆ ಹಿಡಿದೇ ತೋರಿಸಲಿ. ಹೆಂಡತಿಗೆ ಹೇಳಿದೆ. ಹದಿನಾಲ್ಕೇ ಬಂದರೆ ಎಂದಳು. ಹದಿನಾಲ್ಕೇ ತೆಗೆದುಕೊಳ್ಳುತ್ತೇನೆ, ಆಮೇಲೆ ಸುಣ್ಣದ ಬಕೀಟು ಎತ್ತುತ್ತೇನೆ ಎಂದೆ. ಅವಳು ಬೇಡ ಎನ್ನಲಿಲ್ಲ.

ಪಂದ್ಯದ ಹಿಂದಿನ ದಿನ ಬೆಳಗ್ಗೆ ನಲವತ್ತು ಅಂಗಿ ಮಡಚಿ ಕಟ್ಟಿಟ್ಟೆವು. ಮೇಜನ್ನು ಹೊರಗೆ, ಅಂಗಡಿಯ ಮುಂದಿನ ಕಟ್ಟೆಯ ಹತ್ತಿರ ತಂದು ಹಾಕಿದೆ. ಎದುರಿಗೇ ಚಹಾದ ಹೋಟೆಲು. ಬಸ್ಸಿಗೆ ಕಾಯುವ ಹತ್ತು ಹನ್ನೆರಡು ಮಂದಿ ಬೆಂಚಿನ ಮೇಲೆ ಕೂತಿದ್ದರು. ನೇಕಾರ ಗೌಡರಿಗಿಂತ ಮೊದಲೇ ಬಂದು ಮೆಟ್ಟಿಲು ಹಿಡಿದಿದ್ದ. ಅವನಿಗೆ ತನ್ನ ಅಂಗಿಗಿಂತ ಗೌಡರ ದರದ ಮೇಲೇ ಕಣ್ಣು.

ಗೌಡರು ಇಬ್ಬರು ಆಟಗಾರರೊಂದಿಗೆ ಬಂದರು. ಅಂಗಿ ಬಿಚ್ಚಿ ನೋಡಿದರು, ತಮ್ಮ ಕೊಡುಗೆಯ ಸಾಲನ್ನು ಬೆರಳಿಂದ ಸವರಿದರು. "ಚಲೋ ಬಂದಾವ" ಎಂದರು. ಆಮೇಲೆ ಮತ್ತೆ ಹೆಗಲಿಗೆ ಕೈ ಹಾಕಿ ಟವಲು ತೆಗೆದು ಮೇಜಿನ ಮೇಲೆ ಹರಡಿದರು.

ನಾನು ಆ ಟವಲನ್ನು ಎತ್ತಿದೆ. ಮಡಚಿ, ಅವರ ಅಂಗಿಗಳ ಗಂಟಿನ ಮೇಲೆ ಇಟ್ಟೆ. ನನ್ನ ಬಲಗೈಯನ್ನು ಬರಿಯ ಮೇಜಿನ ಮೇಲೆ ಅಂಗೈ ಮೇಲಾಗಿ ಚಾಚಿದೆ.

"ಗೌಡ್ರ, ನಮ್ಮ ಮನ್ಯಾಗ ಯಾರಿಗೂ ಬೆರಳ ಓದಾಕ ಬರಂಗಿಲ್ಲ. ಯಾರೂ ಕಲಿಸಿಲ್ಲ. ಅವತ್ತ ಹೆಂಗ ಹಿಡದಿದ್ರಿ, ಹಂಗ ಇಲ್ಲೆ ಹಿಡದ ತೋರಸ್ರಿ. ಎಷ್ಟ ಬರತೈತೋ ಅಷ್ಟ ಕೊಡ್ರಿ. ಹದಿನಾಕಾಣೆ ಬಂದ್ರೂ ನಾ ಒಂದ ಮಾತ ಆಡಾಂಗಿಲ್ಲ."

ಗೌಡರು ನನ್ನ ಕೈ ನೋಡಿದರು. ಆಟಗಾರರ ಕಡೆ ನೋಡಿದರು. ಎದುರಿನ ಹೋಟೆಲಿನಲ್ಲಿ ಲೋಟಗಳು ಅರ್ಧದಲ್ಲೇ ನಿಂತಿದ್ದವು. ಅವರ ಬಲಗೈ ಮೇಜಿನ ಅಂಚಿನವರೆಗೆ ಬಂತು, ಅಲ್ಲಿ ನಿಂತಿತು, ಆಮೇಲೆ ಅಂಗಿಯ ಜೇಬಿನೊಳಗೆ ಹೋಯಿತು.

"ಅದಕ್ಯಾಕ ಇಷ್ಟ ದೊಡ್ಡ ಮಾತ?" ಎಂದರು. "ಒಂದೂವರಿ ಅಂತ ಅವತ್ತ ಮುಗದಿತ್ತಲ್ಲ."

ಎರಡನೆಯ ಬಣ್ಣದ ಎಂಟಾಣೆಯನ್ನೂ ತಾವಾಗಿಯೇ ಸೇರಿಸಿ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಕೈಯಲ್ಲಿ ಅಲ್ಲ, ಕೈಯ ಪಕ್ಕದಲ್ಲಿ, ನಾಲ್ಕು ಬೆರಳು ಜಾಗ ಬಿಟ್ಟು. ಗಂಟು ಎತ್ತಿಸಿಕೊಂಡು ಹೋದರು. ಅಂಥ ಚೌಕಾಶಿಯ ಮನುಷ್ಯ ಒಂದಾಣೆಗೂ ಜಗ್ಗಲಿಲ್ಲ.

ನನ್ನ ಪೂರಾ ದರ ನನಗೆ ಸಿಕ್ಕಿತ್ತು. ಆದರೂ ಕಣ್ಣಲ್ಲಿ ನೀರು ಬಂತು. ಹದಿನಾಲ್ಕಾಣೆ ಕೊಟ್ಟು ಕೈ ಹಿಡಿದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಮರೆತು ಹಾಗೇ ಕೂತಿದ್ದೆ. ಹೆಂಡತಿ ಬಂದು ನೋಟು ಎತ್ತಿಕೊಂಡಳು.

ಆಗ ನೇಕಾರ ಮೆಟ್ಟಿಲಿಂದ ಎದ್ದು ಬಂದು ನನ್ನ ಎದುರು ಕೂತ.

"ನಿಮ್ಮದೂ ಇಪ್ಪತ್ನಾಕಾಣೆ" ಎಂದೆ, ಅವನು ಬಾಯಿ ತೆರೆಯುವ ಮೊದಲೇ.

ಚಾಚಿದ್ದ ನನ್ನ ಕೈಯನ್ನು ಗಬಕ್ಕನೆ ಹಿಡಿದ. ಐದೂ ಬೆರಳು ಒತ್ತಿ "ಹತ್ತ" ಎಂದ, ಹೋಟೆಲಿನವರಿಗೆಲ್ಲ ಕೇಳುವಂತೆ. ಇನ್ನೊಮ್ಮೆ ಒತ್ತಿ "ಇಪ್ಪತ್ತ" ಎಂದ. ಅಲ್ಲಿಗೆ ನಿಲ್ಲಿಸಿದ. ಕೈ ಬಿಡಲಿಲ್ಲ.

"ಇಪ್ಪತ್ತಾಣೆ. ಎಲ್ಲಾರ ಮುಂದ ಕೇಳಾಕತ್ತೇನಿ. ಆತೋ ಇಲ್ಲೋ ಹೇಳ್ರಿ."

ನೂಲು ಎಳೆದೆಳೆದು ಒರಟಾಗಿದ್ದ ಕೈ ಅದು. ಆ ನೇಕಾರ ಬಲು ಜಾಣ. ಗೌಡರೆದುರು ನನ್ನ ಕೈ ಖಾಲಿ ಬಿದ್ದದ್ದನ್ನು ಕಣ್ಣಾರೆ ನೋಡಿ, ಇದಕ್ಕೆ ನಾಲ್ಕಾಣೆ ಬರುತ್ತದೆ ಎಂದು ಲೆಕ್ಕ ಹಾಕಿಯೇ ಹಿಡಿದನೋ, ಮನಸ್ಸಿನಿಂದಲೇ ಹಿಡಿದನೋ, ನನಗೆ ಇವತ್ತಿಗೂ ಅನುಮಾನ. ಅನುಮಾನ ಇಟ್ಟುಕೊಂಡೇ "ಆತು" ಎಂದೆ. ನನ್ನ ಅಂಗಡಿಯಲ್ಲಿ ಬಿಟ್ಟ ಮೊದಲ ನಾಲ್ಕಾಣೆ ಅದು.

ಆ ಇಪ್ಪತ್ತಾಣೆ ಸಂಜೆಯ ಬಸ್ಸು ಹತ್ತಿ ಎಲ್ಲ ಊರು ಮುಟ್ಟಿತು. ನಾನು ಅಂಜಿದ ಹಾಗೇ ಮರುವಾರದಿಂದ ಜನ ಸಾಲುಗಟ್ಟಿ ಬಂದು ನೇಕಾರನ ದರ ಕೇಳಿದರು. ನಾನು ಇಲ್ಲ ಎನ್ನಲಿಲ್ಲ. ಮೇಜನ್ನು ಹೊರಗೇ ಬಿಟ್ಟಿದ್ದೆ. ಟವಲಿಲ್ಲದೆ ಕೈ ಚಾಚಿ, ಹಿಡಿದು ಮುಗಿಸಿದರೆ ಇಪ್ಪತ್ತಾಣೆ, ಬಾಯಲ್ಲಿ ಮುಗಿಸಿದರೆ ಇಪ್ಪತ್ತನಾಲ್ಕು ಎನ್ನುತ್ತಿದ್ದೆ. ಅಂಗಡಿ ಮುಳುಗುತ್ತದೆ ಎಂದು ನನ್ನ ಹೆಂಡತಿ ಒಂದು ತಿಂಗಳು ಗೊಣಗಿದಳು.

ಅಂಗಡಿ ಮುಳುಗಲಿಲ್ಲ. ಮುಕ್ಕಾಲು ಪಾಲು ಮಂದಿ ಇಪ್ಪತ್ತನಾಲ್ಕೇ ಕೊಟ್ಟರು.